ಐದು ಕುರಿಂಜಿ

ವಯಸ್ಸಿನ ಕಾಲಂ ಮೇಲೆ ವಿಮೆ ಏಜೆಂಟ್ ಸಭಾಪತಿಯ ಪೆನ್ನು ನಿಂತಿತು. "ಅರವತ್ತು ದಾಟಿದವರು ಓಡಿಸೋ ಕಾರಿಗೆ ವಿಮೆ ಕಂತಿನ ಹಣ ಒಂದೂವರೆ ಪಟ್ಟು, ಗೌಡರೇ. ನಿಮ್ಮ ಹಟ್ಟಿಯಲ್ಲಿ ಹುಟ್ಟಿದ ದಿನ ಬರೆದಿಟ್ಟವರು ಯಾರೂ ಇಲ್ಲವಲ್ಲ. ಐವತ್ತೈದು ಅಂತ ಹಾಕಿಬಿಡಲೇ?"

"ಬೇಡ ತಂಬಿ. ನಾ ಹುಟ್ಟಿದ್ದು ಬೆಟ್ಟವೆಲ್ಲ ಕುರಿಂಜಿ ಬಿಟ್ಟ ವರ್ಷ. ಹನ್ನೆರಡು ವರ್ಷಕ್ಕೊಮ್ಮೆ ಬಿಡೋ ಹೂವನ್ನ ಆಮೇಲೆ ಐದು ಸಲ ಕಂಡಿದೀನಿ. ಒಂದನ್ನೂ ಬಿಟ್ಟುಕೊಡಲಾರೆ."

ಕೋತಗಿರಿ ಘಾಟಿಯ ತಿರುವುಗಳಲ್ಲಿ ಕಾರು ಹಿಂದೆ ಜಾರದಂತೆ ಚಕ್ರಕ್ಕೆ ಒತ್ತುಕೊಟ್ಟು ಸವೆದಿದ್ದ ಮರದ ತುಂಡನ್ನು ಜೋಗಿ ಗೌಡರು ಕಾರಿನ ಸೀಟಿನಡಿಯಿಂದ ತೆಗೆದು ಅರ್ಜಿಯ ಮೇಲಿಟ್ಟರು. "ಹಣ ಕೊಡ್ತೀನಿ. ಕಾರಣಾನೂ ಬರಿ. ಇಪ್ಪತ್ತು ವರ್ಷ ಈ ಘಾಟಿಯಲ್ಲಿ ಒಮ್ಮೆಯೂ ಉರುಳದೆ ಮುದುಕನಾದದ್ದಕ್ಕೆ ದಂಡ ಅಂತ."

ಅರ್ಜಿಯಲ್ಲಿ ಅಂಥ ಕಾಲಂ ಇರಲಿಲ್ಲ. ಗೌಡರು ತುಂಡನ್ನು ಎತ್ತಲೂ ಇಲ್ಲ.