ಹಾಲುತುಪ್ಪಕ್ಕೆ ಮೊದಲು

ಫಕೀರಪ್ಪನ ಶವ ಮರಾಠಿ ಸೀಮೆಯ ಬಿಬವೇವಾಡಿಯ ಮನೆಗೆ ಬಂದಾಗ ತಂಗಿ ಕಸ್ತೂರಿ ಎದೆ ಎದೆ ಬಡಿದುಕೊಂಡು ಅತ್ತಳು. ಹೆಂಡತಿ ನೀಲವ್ವ ಶವದ ಜೊತೆಗೇ ಆಸ್ಪತ್ರೆಯಿಂದ ಬಂದಿದ್ದಳು. ಬಂದವಳು ಗೋಡೆಗೆ ಒರಗಿ ಕುಳಿತಳು. ಒಂದು ಹನಿ ಕಣ್ಣೀರು ಹಾಕಲಿಲ್ಲ.

"ಅತ್ತೂ ಅತ್ತೂ ಮಾರಿ ಹೆಂಗ ಬಾತದ ನೋಡ್ರಿ, ಪಾಪ," ಎಂದಳು ನೆರೆಯವಳು, ನೀಲವ್ವನ ಕಡೆ ತೋರಿಸಿ.

ಕಸ್ತೂರಿಗೆ ಮೈ ಉರಿಯಿತು. ನೀಲವ್ವ ಅತ್ತದ್ದನ್ನು ಅವಳು ಕಂಡಿರಲಿಲ್ಲ.

ಯಾರೋ ಎಳನೀರು ತಂದುಕೊಟ್ಟರು. ನೀಲವ್ವ ಲೋಟವನ್ನು ಪಕ್ಕಕ್ಕೆ ಸರಿಸಿದಳು.

"ಯಾಕ ವೈನಿ, ಈಗೇನು ಉಪಾಸ?" ಕಸ್ತೂರಿಯ ದನಿ ಎಲ್ಲರಿಗೂ ಕೇಳಿಸಿತು. "ಜೀವ ಇದ್ದಾಗ ಒಂದು ಕಿಡ್ನಿ ಕೊಡಾಕ ನಿಮಗ ಆಗಲಿಲ್ಲ. ಈಗ ಎಳನೀರು ಬಿಟ್ರ ನಮ್ಮಣ್ಣ ಎದ್ದು ಬರ್ತಾನೇನು?"

ಕೂತವರೆಲ್ಲ ತಲೆ ತಗ್ಗಿಸಿದರು. ನೀಲವ್ವ ಮಾತ್ರ ನಾದಿನಿಯ ಮುಖ ನೋಡಿದಳು.

"ನಿನ್ನ ಸಂಕಟ ಖರೆ ಅದ, ಕಸ್ತೂರಿ," ಎಂದಳು.

ಫಕೀರಪ್ಪನಿಗೆ ಹಿಟ್ಟಿನ ಗಿರಣಿ ಇತ್ತು. ಮಕ್ಕಳಿರಲಿಲ್ಲ. ಮೂತ್ರಪಿಂಡ ಕೆಟ್ಟ ಮೇಲೆ ಗಿರಣಿ ನಿಂತಿತು. ವಾರಕ್ಕೆರಡು ಸಲ ಡಯಾಲಿಸಿಸ್ ಹಿಡಿಯಿತು. ಮೊದಲು ಕಸ್ತೂರಿಯೇ ಮುಂದೆ ಬಂದಳು, "ನನ್ನದೊಂದು ತಗೊಳ್ರಿ" ಎಂದು. ಅವಳಿಗೆ ಸಕ್ಕರೆ ಕಾಯಿಲೆ. ಡಾಕ್ಟರು ಕೈಮುಗಿದು ಕಳಿಸಿಬಿಟ್ಟರು. ಆ ನೋವು ಅವಳಲ್ಲಿ ಹಾಗೇ ಉಳಿದಿತ್ತು.

ಉಳಿದವಳು ನೀಲವ್ವ. ರಕ್ತದ ಗುಂಪೂ ಗಂಡನದೇ. ತಪಾಸಣೆಗಳೆಲ್ಲ ಮುಗಿದ ದಿನ ಕಸ್ತೂರಿ ಡಾಕ್ಟರ ಕೋಣೆಯ ಹೊರಗೆ ನಿಂತಿದ್ದಳು. ಬಾಗಿಲು ಅರ್ಧ ತೆರೆದಿತ್ತು.

"ತಡ ಮಾಡಬೇಡಿ," ಎನ್ನುತ್ತಿದ್ದರು ಡಾಕ್ಟರು.

"ಈಗ ಬ್ಯಾಡ್ರಿ. ಕೈಮುಗೀತೀನಿ, ಅವರಿಗೆ ಹೇಳಬ್ಯಾಡ್ರಿ," ಎಂದಿದ್ದಳು ನೀಲವ್ವ.

ಕಸ್ತೂರಿಗೆ ಅಷ್ಟು ಸಾಕಾಯಿತು. ಮನೆಗೆ ಬಂದ ಮೇಲೆ ನೀಲವ್ವ ಗಂಡನ ಎದುರು ನಿಂತು, "ನನಗ ಆಪರೇಷನ್ ಅಂದ್ರ ಅಂಜಿಕಿ," ಎಂದಳು. ಫಕೀರಪ್ಪ ನಕ್ಕುಬಿಟ್ಟ.

"ಹೋಗ್ಲಿ ಬಿಡು. ಇಬ್ಬರೂ ಮಲಗಿದ್ರ ರೊಟ್ಟಿ ಬಡಿಯೋರು ಯಾರು? ನೀ ಗಟ್ಟಿ ಇದ್ದೀ ಅಂತ ನಾ ಆ ಡಯಾಲಿಸಿಸ್ ಮಂಚ ಏರ್ತೀನಿ. ಇಲ್ಲಂದ್ರ ಎಂದೋ ಸಾಕು ಅಂತಿದ್ದೆ."

ಅವನು ಕ್ಷಮಿಸಿದ. ಕಸ್ತೂರಿ ಕ್ಷಮಿಸಲಿಲ್ಲ. ಗಂಡನಿಗೆಂದು ಮಾಡಿದ ಸಪ್ಪೆ ಅಡುಗೆಯನ್ನೇ ನೀಲವ್ವ ಉಣ್ಣತೊಡಗಿದಾಗ ಓಣಿಯವರು ಹೊಗಳಿದರು. ಕಸ್ತೂರಿ ಮಾತ್ರ, "ಉಪ್ಪು ಬಿಟ್ಟು ಪಾಪ ತೊಳಕೊಳ್ಳಾಕತ್ತಾರ," ಎಂದಳು.

ಮಣ್ಣು ಕೊಟ್ಟು ಬಂದ ಮರುದಿನ ಬೆಳಿಗ್ಗೆ ನೀಲವ್ವನಿಗೆ ಫೋನು ಬಂತು. ಆ ಕಡೆ ಡಯಾಲಿಸಿಸ್ ವಿಭಾಗದ ನರ್ಸ್ ಅನುಜಾ.

"ಹೌದವಾ, ಇವತ್ತ ಬರ್ತೀನಿ," ಎಂದಳು ನೀಲವ್ವ. "ಇನ್ನ ತಡ ಮಾಡಾಕ ನನಗೇನು ಕಾರಣ ಉಳದದ?"

ಸೆರಗು ಹೊದ್ದು ಎದ್ದವಳಿಗೆ ಕಸ್ತೂರಿ ಬಾಗಿಲಲ್ಲಿ ಅಡ್ಡ ನಿಂತಳು. ಸಮಾಧಿಗೆ ಹಾಲುತುಪ್ಪ ಎರೆಯುವವರೆಗೆ ಗಂಡನನ್ನು ಕಳೆದುಕೊಂಡವಳು ಮನೆ ಬಿಟ್ಟು ಹೋಗುವ ಪದ್ಧತಿ ಅವರಲ್ಲಿಲ್ಲ.

"ಎಲ್ಲಿಗೆ ಹೊಂಟೀರಿ? ನಾಳೆ ಹಾಲುತುಪ್ಪ ಅದ. ಊರಿಂದ ಮಂದಿ ಬರ್ತಾರ. ಇವತ್ತ ಹೊಸ್ತಿಲ ದಾಟಿದ್ರ, ಅಣ್ಣನ್ನ ನೀವ ಕೊಂದ್ರಿ ಅಂತ ಅವರೆಲ್ಲರ ಮುಂದ ಹೇಳ್ತೀನಿ. ಸಮಾಧಿ ಮುಟ್ಟಾಕ ಬಿಡೂದಿಲ್ಲ."

"ಅವರಿಗೆ ನನ್ನ ಕೈಯಾರೆ ಹಾಲು ಎರೀಬೇಕು. ಅದಕ್ಕ ಹೊಂಟೀನಿ, ಕಸ್ತೂರಿ. ದಾರಿ ಬಿಡು."

ಮೆಟ್ಟಿಲ ಕಂಬಿ ಹಿಡಿದು, ನಿಂತು ನಿಂತು, ನೀಲವ್ವ ಇಳಿದು ಹೋಗಿ, ಆಸ್ಪತ್ರೆಯ ಹೆಸರು ಹೇಳಿ ರಿಕ್ಷಾ ಹತ್ತಿದಳು.

ಕಸ್ತೂರಿ ಇನ್ನೊಂದು ರಿಕ್ಷಾ ಹಿಡಿದಳು. ಗಂಡ ಸತ್ತ ಆಸ್ಪತ್ರೆಯಲ್ಲಿ ಇವಳಿಗಿನ್ನೇನು ಕೆಲಸ? ಯಾರನ್ನು ಕಾಣುವುದಿದೆ? ರೆಟ್ಟೆ ಹಿಡಿದು ಎಳೆದು ತರುವೆನೆಂದು ಅವಳು ನಿಶ್ಚಯಿಸಿದ್ದಳು. ಆದರೆ ದಾರಿಯ ವಾಹನಗಳ ಸಂದಣಿಯಲ್ಲಿ ರಿಕ್ಷಾ ಸಿಕ್ಕಿಕೊಂಡಿತು. ಆಸ್ಪತ್ರೆ ಮುಟ್ಟುವಾಗ ಬಹಳ ಹೊತ್ತಾಗಿತ್ತು.

ರೋಗಿಗಳ ಕಡೆಯವರು ಕೂರುವ ಬೆಂಚಿನ ಮೇಲೆ ನೀಲವ್ವ ಇರಲಿಲ್ಲ. ಕಸ್ತೂರಿ ಒಳಬಾಗಿಲನ್ನು ತಳ್ಳಿದಳು. ನೀಲವ್ವನನ್ನು ಚಿಕ್ಕಮ್ಮನಂತೆ 'ಕಾಕು' ಎನ್ನುತ್ತಿದ್ದ ಅನುಜಾ ಎದುರಿಗೆ ಬಂದು ಮರಾಠಿಯಲ್ಲಿ ಕೇಳಿದಳು:

"ನೀಲವ್ವ ಕಾಕುನ ಕಡೆಯವರಾ? ದೇವರು ಕಳಿಸಿದ ಹಾಗೆ ಬಂದಿರಿ. ಜೊತೆಗೆ ಯಾರೂ ಇಲ್ಲ ಅಂತ ಹೇಳಿದ್ದರು."

"ಎಲ್ಲಿದ್ದಾಳೆ ಅವಳು?"

ಅನುಜಾ ಕೈ ತೋರಿಸಿದಳು. ಕಿಟಕಿಯ ಪಕ್ಕದ ಮಂಚದ ಮೇಲೆ ನೀಲವ್ವ ಮಲಗಿದ್ದಳು. ಕುತ್ತಿಗೆಯ ಬಳಿ ಆಗತಾನೇ ಹಾಕಿದ ನಳಿಕೆ. ಅದರಿಂದ ರಕ್ತ ಯಂತ್ರಕ್ಕೆ ಹೋಗಿ ಮರಳಿ ಬರುತ್ತಿತ್ತು.

"ಗಂಡನಿಗೆ ಕಿಡ್ನಿ ಕೊಡಬೇಕು ಅಂತ ತಪಾಸಣೆ ಮಾಡಿಸಿದಾಗಲೇ ಇವರ ಎರಡೂ ಕಿಡ್ನಿ ಕೆಟ್ಟಿರುವುದು ಗೊತ್ತಾಯಿತು," ಎಂದಳು ಅನುಜಾ. "ಇದನ್ನು ಕೇಳಿದರೆ ಗಂಡ ತಮ್ಮ ಚಿಕಿತ್ಸೆ ಬಿಟ್ಟುಬಿಡುತ್ತಾರೆ ಅಂತ ಕಾಕು ಯಾರಿಗೂ ಹೇಳಗೊಡಲಿಲ್ಲ."

ಕಸ್ತೂರಿ ಮಂಚದ ಹತ್ತಿರ ಹೋದಳು. ಎಳೆದು ಒಯ್ಯಲು ಬಂದವಳು ನೀಲವ್ವನ ಸೆರಗು ಸರಿಪಡಿಸಿದಳು. ನೀಲವ್ವ ಕಣ್ಣು ತೆರೆಯಲಿಲ್ಲ. ತುಟಿಗಳು ಮಾತ್ರ ಅಲುಗುತ್ತಿದ್ದವು.

"ಶಿವನೇ, ಅವರ ಜೀವಕ್ಕ ಶಾಂತಿ ಕೊಡು. ನನ್ನ ಈ ಸುದ್ದಿ ಅಲ್ಲೂ ಅವರ ಕಿವಿಗೆ ಬೀಳದಂಗ ಕಾಯಿ."