ಮುಖಕ್ಕೆ ಬೇಕಾದ ಕಪ್ಪು

"ಇದು ನಮ್ಮಣ್ಣ ಅಲ್ಲ" ಎಂದು ಸುಗಂಧಾ ಕಾಗದವನ್ನು ಕೌಂಟರಿನ ಮೇಲಿಟ್ಟಳು.

ಅಂಕೋಲಾ ಬಸ್‌ಸ್ಟ್ಯಾಂಡ್ ಎದುರಿನ ತನ್ನ ಸ್ಟುಡಿಯೋದಲ್ಲಿ ಗಿರಿಧರನೇ ನಾಲ್ಕು ದಿನದ ಹಿಂದೆ ತೆಗೆದುಕೊಟ್ಟಿದ್ದ ಕಪ್ಪು-ಬಿಳುಪು ಪ್ರಿಂಟು ಅದು. ಮೇಲೆ 'ಕಾಣೆಯಾಗಿದ್ದಾರೆ', ಕೆಳಗೆ ಹೆಸರು, ಊರು 'ಸೋಮು, ಕೇಣಿ' ಮತ್ತು ಸುಗಂಧಾಳ ಫೋನ್ ನಂಬರು. ದೋಣಿಯಲ್ಲಿ ಬಿದ್ದು ತಲೆಗೆ ಪೆಟ್ಟಾದ ಮೇಲೆ ಸೋಮುವಿಗೆ ತನ್ನ ಹೆಸರೂ ನೆನಪಿರಲಿಲ್ಲ. ಮನೆಯಿಂದ ಹೋಗಿ ಎಂಟು ದಿನವಾಗಿತ್ತು.

"ಮಾಜಾಳಿ ತನಕ ಅಂಟಿಸಿ ಬಂದೆ. ಒಂದು ಫೋನೂ ಬರಲಿಲ್ಲ. ನಮ್ಮ ಕೇರಿಯವರೇ ನೋಡಿ, ಇದು ಯಾರು ಅಂತ ಕೇಳ್ತಾರೆ. ನಮ್ಮಣ್ಣ ಕಪ್ಪು, ಗಿರಿಧರಣ್ಣಾ. ನೀವು ಅವನಿಗೆ ಪೌಡರ್ ಹಚ್ಚಿ ಕೂರಿಸಿದ್ದೀರಿ."

ಗಿರಿಧರ ಕಾಗದವನ್ನು ಬೆಳಕಿಗೆ ಹಿಡಿದ. ಯಾರ ಫೋಟೋ ಬಂದರೂ ಮೊದಲು ಮುಖ ಬೆಳ್ಳಗೆ ಮಾಡುವುದು ಅವನಿಗೆ ಇಪ್ಪತ್ತು ವರ್ಷದ ಅಭ್ಯಾಸ. ಕೈ ಅದರಷ್ಟಕ್ಕೇ ಮಾಡಿಬಿಡುತ್ತಿತ್ತು. ಕಾಗದದಲ್ಲಿ ಮುಖ, ಅಂಗಿ, ಹಿಂದಿನ ಗೋಡೆ ಎಲ್ಲ ಒಂದೇ ಬೂದಿಯ ಬಣ್ಣಕ್ಕೆ ತಿರುಗಿದ್ದವು.

ಅವನು ಅವಳ ಮೊಬೈಲಿನಿಂದ ಬಂದಿದ್ದ ಮೂಲ ಫೋಟೋವನ್ನೇ ಮತ್ತೆ ತೆರೆದ. ಕಾಂಟ್ರಾಸ್ಟ್ ಒಮ್ಮೆಲೇ ಏರಿಸಿದಾಗ ಕಣ್ಣುಗಳು ಕತ್ತಲಲ್ಲಿ ಮುಳುಗಿದವು. ಇಳಿಸಿದ. ಕೆನ್ನೆಯ ನೆರಳನ್ನಷ್ಟೇ ಗಾಢ ಮಾಡಿ, ಹಣೆಯ ಮೇಲೆ ಬಿದ್ದ ಬಿಸಿಲನ್ನು ಒಂಚೂರು ಎತ್ತಿದ. ಕಂಪ್ಯೂಟರಿನಲ್ಲಿ ಚೆನ್ನಾಗಿ ಕಂಡಿದ್ದು ಕಾಗದದ ಮೇಲೆ ಮತ್ತೆ ಮಂಕಾಗಿಯೇ ಬಂತು. ಸುಗಂಧಾ ಬಾಗಿಲಿಗೆ ಹೋಗಿ ಪ್ರತಿ ಬಸ್ಸಿನಿಂದ ಇಳಿಯುವವರನ್ನು ನೋಡುತ್ತಿದ್ದಳು, ಬಂದು ಕೂರುತ್ತಿದ್ದಳು, ಮತ್ತೆ ಏಳುತ್ತಿದ್ದಳು. ಅವನು ಇನ್ನಷ್ಟು ಕಪ್ಪು ಸೇರಿಸಿ, ದಪ್ಪ ಕಾಗದ ಹಾಕಿ ಮೂರನೇ ಸಲ ತೆಗೆದ.

ಈ ಸಲ ಮುಖ ಗೋಡೆಯಿಂದ ಬೇರೆಯಾಗಿ ಎದ್ದು ಬಂತು. ಹುಬ್ಬನ್ನು ಎರಡಾಗಿ ಸೀಳಿದ ಗಾಯದ ಗೆರೆ, ಉಪ್ಪುಗಾಳಿಗೆ ಒಡೆದ ತುಟಿ ಸ್ಪಷ್ಟವಾಗಿದ್ದವು. ಸುಗಂಧಾ ಪ್ರಿಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಹಾಂ, ಇವನೇ" ಎಂದಳು.

"ನಡಿ, ಬೈಕಲ್ಲಿ ಹೋಗುವ" ಎಂದು ಗಿರಿಧರ ಶಟರ್ ಎಳೆದ. ಕಾರವಾರ ದಾಟಿ, ಹಳೆಯ ಕಾಗದ ಅಂಟಿಸಿದ್ದ ಕೊನೆಯ ಊರಿನಿಂದಲೇ ಶುರು ಮಾಡಿದರು.

ಮಾಜಾಳಿಯ ಚಾದ ಅಂಗಡಿಯ ಒಡತಿ ವೈಜಯಂತಿ ಹೊಸ ಪ್ರಿಂಟು ನೋಡಿದ್ದೇ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. "ಇವನಾ? ಮೂರು ದಿನದಿಂದ ನಾನೇ ಚಾ ಕೊಡ್ತಾ ಇದ್ದೇನಲ್ಲ. ಅಲ್ಲೇ ಕೂರ್ತಾನೆ." ಅವಳು ತೋರಿಸಿದ ಬೆಂಚಿನ ಹಿಂದಿನ ಗೋಡೆಯಲ್ಲಿ ಸುಗಂಧಾ ಅಂಟಿಸಿದ್ದ ಹಳೆಯ ಕಾಗದ ಹಾಗೇ ಇತ್ತು. "ಇದೂ ಅವನೇ ಅಂತ ಯಾರಿಗೆ ಗೊತ್ತು? ಈಗಷ್ಟೇ ಸಮುದ್ರದ ಕಡೆ ಹೋದ."

ಗಿರಿಧರ ಆ ಕಾಗದವನ್ನು ಕಿತ್ತು ಮುದ್ದೆ ಮಾಡಿ ಜೇಬಿಗೆ ತುರುಕಿದ. ಸುಗಂಧಾ ಆಗಲೇ ಓಡುತ್ತಿದ್ದಳು.

ದಂಡೆಯಲ್ಲಿ ನಾಲ್ಕೈದು ಮಂದಿ ಬಲೆ ಬಿಡಿಸುತ್ತ ಕೂತಿದ್ದರು. ಅವರ ನಡುವೆ ಸೋಮು. ಎಂಟು ದಿನದ ಗಡ್ಡ, ಯಾರದೋ ಅಂಗಿ. ಅವನ ಬೆರಳುಗಳು ಮಾತ್ರ ಎಲ್ಲರಿಗಿಂತ ಚುರುಕಾಗಿ ಗಂಟು ಬಿಡಿಸುತ್ತಿದ್ದವು. ಸುಗಂಧಾ ಏದುಸಿರು ಬಿಡುತ್ತ ಎದುರು ಮೊಣಕಾಲೂರಿದಳು. ಅವನು ಪರಿಚಯವಿಲ್ಲದವರನ್ನು ನೋಡುವಂತೆ ನೋಡಿದ. ಏನು ಹೇಳಬೇಕೆಂದು ತೋಚದೆ ಅವಳು ಕೈಯಲ್ಲಿದ್ದ ಪ್ರಿಂಟನ್ನೇ ಮುಂದೆ ಹಿಡಿದಳು.

"ಇವನು ಯಾರು, ಗೊತ್ತುಂಟಾ?"

ಸೋಮು ಕೈಯ ಮರಳು ಒರೆಸಿಕೊಂಡು ಕಾಗದ ತೆಗೆದುಕೊಂಡ. ದೂರ ಹಿಡಿದ, ಹತ್ತಿರ ತಂದ. ಬಹಳ ಹೊತ್ತು ನೋಡಿದ.

"ಇಲ್ಲ ತಂಗೀ, ಇವನನ್ನ ನಾ ಎಲ್ಲೂ ಕಂಡಿಲ್ಲ" ಎಂದ. "ಪಾಪ, ಮನೆಯವರು ಊಟ ಬಿಟ್ಟು ಹುಡುಕ್ತಾ ಇರಬೇಕು."

ಬಲೆ ಬದಿಗಿಟ್ಟು ಎದ್ದು ನಿಂತ. "ನಡಿ, ನಾನೂ ಬರ್ತೇನೆ. ಎಲ್ಲಿಂದ ಹುಡುಕೂದು?"