ಅಜ್ಜ ಒರಗುತ್ತಿದ್ದ ಗೋಡೆ

ಹಸಿ ಸುಣ್ಣದ ವಾಸನೆ ಬಂದರೆ ಈಗಲೂ ತದಡಿಯ ಮನೆಯ ಜಗಲಿ ಕಣ್ಣೆದುರು ನಿಲ್ಲುತ್ತದೆ.

ಚಿಕ್ಕಪ್ಪನ ಆಪರೇಷನ್ನಿಗಾಗಿ ಮನೆ ಮಾರಬೇಕಿತ್ತು. ನೋಡಲು ಬರುವವರಿದ್ದರೆಂದು ಅಪ್ಪ ಬೆಳಗಿನಿಂದ ಗೋಡೆಗೆ ಚಿಪ್ಪಿಸುಣ್ಣ ಬಳಿಯುತ್ತಿದ್ದ. ತೀರಿಹೋದ ಅಜ್ಜ ಎಣ್ಣೆತಲೆ ಒರಗಿಸಿ ಬಲೆ ಹೆಣೆಯುತ್ತಿದ್ದ ಕಡೆ ಮಾತ್ರ ಕಂದು ಕಲೆ ಮತ್ತೆ ಮತ್ತೆ ಮೂಡುತ್ತಿತ್ತು.

"ಎಷ್ಟು ಬಳಿತ್ಯೋ? ಬದುಕಿದ್ದಾಗ್ಲೇ ಯಾರ ಮಾತಿಗೂ ಜಾಗ ಬಿಟ್ಟು ಎದ್ದವ್ರಲ್ಲ ಅವ್ರು," ಎಂದಳು ಅಜ್ಜಿ.

"ಬಂದವ್ರು ಕೇಳಿದ್ರೆ ಎಂತ ಹೇಳೂದು ಆಯಿ?" ಅಪ್ಪನ ದನಿ ಸಣ್ಣದಾಗಿತ್ತು.

ಕುಮಟೆಯ ಗಂಡ ಹೆಂಡತಿ ಅಂಗಳಕ್ಕೆ ಕಾಲಿಟ್ಟರು. ಅಜ್ಜಿ ಹೋಗಿ ಆ ಕಲೆಗೇ ತಲೆ ಒರಗಿಸಿ ಕುಳಿತಳು. "ಬೆಲ್ಲ-ನೀರು ನೀನೇ ಕೊಡು ಮಗಾ," ಎಂದು ನನಗೆ ಹೇಳಿದಳು, ತಾನು ಏಳಲಿಲ್ಲ.

ಅವರು ಮನೆ ಒಪ್ಪಿಕೊಂಡು ಹೋದರು. ಅಜ್ಜಿಯ ತುರುಬಿಗೆ ಸುಣ್ಣ ಮೆತ್ತಿತ್ತು. ಒರೆಸಲು ಹೋದ ನನ್ನ ಕೈಯನ್ನು ಅವಳು ಮೆಲ್ಲಗೆ ಹಿಡಿದುಕೊಂಡಳು.

"ಇರ್ಲಿ. ಇವತ್ತೊಂದಿನ ಇರ್ಲಿ."